ಬಿಸಿ ಗಾಳಿಯ ಪೆಟ್ಟಿಗೆ: ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ ಸ್ವಾಮಿ?

ಮಾನ್ಯ ಸಂಪಾದಕರೇ,

ಶಾಲೆಗಳಿಗೆ, ಕೋಚಿಂಗ್ ಸೆಂಟರುಗಳಿಗೆ ‘ಗಾಳಿ ಕಾಯಿಸಿ ವೈರಸ್ ಸಾಯಿಸುವ’ ಪೆಟ್ಟಿಗೆ ಮಾರುವವರು ಈಗ ನಮ್ಮ ಸಕಲೇಶಪುರದ ಕಡೆಗೂ ಬರುತ್ತಿದ್ದಾರೆ. ನಾನು ಹಾಲಿನ ಡೇರಿಯಲ್ಲಿ ಪಾಶ್ಚರೈಸರ್ ಆಪರೇಟರ್ ಆಗಿದ್ದು ನಿವೃತ್ತನಾದವನು. ಹಾಲು ಕಾಯಿಸಿ ಕ್ರಿಮಿ ಸಾಯಿಸಿದ ಸಂಬಳದಲ್ಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ್ದೇನೆ. ಬಿಸಿಯಿಂದ ಕ್ರಿಮಿ ಸಾಯುವುದಿಲ್ಲ ಅಂತ ನಾನಂತೂ ಹೇಳಲಾರೆ. ಸಾಯುತ್ತದೆ. ಆದರೆ ಎಷ್ಟು ಬಿಸಿ, ಎಷ್ಟು ಹೊತ್ತು, ಗಂಟೆಗೆ ಎಷ್ಟು ಗಾಳಿ ಅನ್ನುವ ಮೂರನ್ನೂ ಬಾಯಿಬಿಟ್ಟು ಹೇಳದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ ಮಾತು ಇಷ್ಟೇ. ಪತ್ರ ಉದ್ದವಾಯಿತು ಅನ್ನಿಸಿದರೆ ಧಾರಾಳವಾಗಿ ಕತ್ತರಿಸಿ, ಆದರೆ ನಡುವೆ ಬರುವ ಲೆಕ್ಕವನ್ನು ಮಾತ್ರ ಬಿಡಬೇಡಿ.

ವಿಷಯ ಹೀಗಿದೆ. ನಾವು ಓದಿದ ಹೈಸ್ಕೂಲಿಗೆ ಹಳೆ ವಿದ್ಯಾರ್ಥಿ ಸಂಘದಿಂದ ಏನಾದರೂ ಕೊಡಬೇಕು ಅಂತ ತೀರ್ಮಾನವಾಯಿತು. ಬೆಂಗಳೂರಲ್ಲಿರುವ ಹುಡುಗರು ದುಡ್ಡು ಹಾಕಿದರು. ಮಳೆಗಾಲದಲ್ಲಿ ಮಕ್ಕಳಿಗೆ ನೆಗಡಿ, ಕೆಮ್ಮು, ಜ್ವರ ಜಾಸ್ತಿ, ಒಂದು ಬೆಂಚಿಗೆ ಬಂದರೆ ವಾರದೊಳಗೆ ಇಡೀ ತರಗತಿಗೆ ಬರುತ್ತದೆ ಅಂತ ಮೇಷ್ಟ್ರು ಹೇಳಿದ್ದರು. ಯಾರೋ ಒಬ್ಬರು ಕಂಪನಿಯೊಂದರ ಪರಿಚಯ ಹೇಳಿದರು. ಮಾರನೇ ವಾರವೇ ಪೆಟ್ಟಿಗೆ ಹಿಡಿದುಕೊಂಡು ಇಬ್ಬರು ಬಂದರು. ಒಂದಕ್ಕೆ 38,000 ರೂಪಾಯಿ. ಕೊಠಡಿಗೆ ಒಂದರಂತೆ ಎಂಟು ಬೇಕು ಅಂದರು.

ಪೆಟ್ಟಿಗೆ ನೋಡಲು ಚೆನ್ನಾಗಿತ್ತು. ಸ್ಟೀಲಿನ ಕವಚ, ಮೇಲೊಂದು ಕೆಂಪು ಅಂಕಿಯ ಡಿಸ್‌ಪ್ಲೇ. ಸ್ವಿಚ್ ಹಾಕಿದ ಎರಡೇ ನಿಮಿಷಕ್ಕೆ ಅಂಕಿ 150 ಮುಟ್ಟಿತು. ‘ನೋಡಿ ಸರ್, ಒಳಗೆ ಬಂದ ಗಾಳಿ 150 ಡಿಗ್ರಿಗೆ ಕಾದು ಹೊರಗೆ ಹೋಗುತ್ತೆ. ಯಾವ ವೈರಸ್ ತಡ್ಕೊಳ್ಳುತ್ತೆ ಹೇಳಿ?’ ಅಂದ ಹುಡುಗ. ಸಭೆಯಲ್ಲಿದ್ದವರೆಲ್ಲ ತಲೆ ಆಡಿಸಿದರು. ನಾನು ಎದ್ದು ಹೋಗಿ ಗಾಳಿ ಬರುವ ಜಾಲರಿಗೆ ಕೈ ಹಿಡಿದೆ. ಬೆಚ್ಚಗಿತ್ತು, ಅಷ್ಟೇ. ಸುಡಲಿಲ್ಲ. 150 ಡಿಗ್ರಿಯ ಗಾಳಿಗೆ ಕೈ ಒಡ್ಡಿ ನಿಲ್ಲಲು ಯಾರಿಂದ ಆಗುತ್ತದೆ?

‘ಗಂಟೆಗೆ ಎಷ್ಟು ಗಾಳಿ ಎಳೆಯುತ್ತೆ ಇದು?’ ಅಂತ ಕೇಳಿದೆ. ‘ಸಾವಿರ ಚದರ ಅಡಿ ಕವರ್ ಆಗುತ್ತೆ ಸರ್’ ಅಂದ. ಚದರ ಅಡಿ ಅಂದರೆ ನೆಲದ ಅಳತೆ. ಟೈಲ್ಸ್ ಹಾಕಿಸುವಾಗ ಕೇಳಬೇಕಾದ ಲೆಕ್ಕ ಅದು. ನಾನು ಕೇಳಿದ್ದು ಗಾಳಿಯ ಲೆಕ್ಕ. ಅದು ಅವನ ಹತ್ತಿರ ಇರಲಿಲ್ಲ. ಬ್ರೋಷರಿನಲ್ಲೂ ಇರಲಿಲ್ಲ.

ಬ್ರೋಷರಿನಲ್ಲಿದ್ದದ್ದು ಇನ್ನೊಂದು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಂಶೋಧನೆಯಂತೆ 72 ಡಿಗ್ರಿಯಲ್ಲಿ ಅರ್ಧ ಸೆಕೆಂಡಿಗೇ ಕೊರೋನಾ ವೈರಸ್ ಲಕ್ಷಪಟ್ಟು ಕಡಿಮೆಯಾಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಇದು ಸುಳ್ಳಲ್ಲ. 2021ರಲ್ಲಿ ಬಂದ ಒಳ್ಳೆಯ ಕೆಲಸವೇ. ಅಲ್ಲಿಯವರೆಗೆ ನಿಮಿಷಗಟ್ಟಲೆ ಕಾಯಿಸಿದ ಪ್ರಯೋಗಗಳೇ ಜಾಸ್ತಿ ಇದ್ದವು. 56 ಡಿಗ್ರಿಗೆ ಅರ್ಧ ಗಂಟೆ, 70 ಡಿಗ್ರಿಗೆ 5 ನಿಮಿಷ, ಹೀಗೆ. ಅರ್ಧ ಸೆಕೆಂಡಿನ ಮಾತು ಹೊಸದು. ನನಗೂ ಓದಿ ಖುಷಿಯಾಯಿತು, 72 ಅನ್ನುವುದು ನಮ್ಮ ಡೇರಿಯ ಅಂಕಿ ನೋಡಿ. ಆದರೆ ಅವರು ಕಾಯಿಸಿದ್ದು ಗಾಳಿಯನ್ನಲ್ಲ. ವೈರಸ್ ಇದ್ದ ದ್ರವವನ್ನು ಸಣ್ಣ ಸ್ಟೀಲ್ ನಳಿಕೆಯಲ್ಲಿ ಹರಿಸಿ, ಒಂದು ಕಡೆ ಕಾಯಿಸಿ, ತಕ್ಷಣ ತಣ್ಣಗೆ ಮಾಡಿದ್ದು. ಹಾಲು ಹೋಗುವ ದಾರಿಯಂಥದ್ದೇ ದಾರಿ. ದ್ರವದ ಅಂಕಿಯನ್ನು ತಂದು ಗಾಳಿಯ ಪೆಟ್ಟಿಗೆಗೆ ಅಂಟಿಸುವುದು ಸರಿಯಲ್ಲ.

ಯಾಕೆ ಸರಿಯಲ್ಲ ಅಂದರೆ, ಒದ್ದೆ ಬಿಸಿಯೇ ಬೇರೆ, ಒಣ ಬಿಸಿಯೇ ಬೇರೆ. ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಗಾಜಿನ ಸಾಮಾನಿನ ಕ್ರಿಮಿ ಸಾಯಿಸುವ ಆಟೋಕ್ಲೇವಿನಲ್ಲಿ ಹಬೆ ಇರುತ್ತದೆ, 121 ಡಿಗ್ರಿಗೆ 15 ನಿಮಿಷ ಸಾಕು. ಅದೇ ಗಾಜಿನ ಸಾಮಾನನ್ನು ಹಾಟ್ ಏರ್ ಓವನ್ನಿನಲ್ಲಿಟ್ಟರೆ 160 ಡಿಗ್ರಿಗೆ ಎರಡು ಗಂಟೆ ಬೇಕು. ನೀರಿದ್ದಾಗ ಕ್ರಿಮಿಯ ಪ್ರೋಟೀನ್ ಬೇಗ ಕೆಡುತ್ತದೆ. ಒಣಗಿದಾಗ ಗಟ್ಟಿಯಾಗಿ ಕೂರುತ್ತದೆ. ಕೆಮ್ಮಿದಾಗ, ಮಾತಾಡಿದಾಗ ಬಾಯಿಂದ ಬರುವ ಸಣ್ಣ ಹನಿಗಳು ಗಾಳಿಯಲ್ಲಿ ಕ್ಷಣದಲ್ಲಿ ಒಣಗುತ್ತವೆ. ಎಂಜಲಿನ ಉಪ್ಪು, ಲೋಳೆಯ ನಡುವೆ ವೈರಸ್ ಉಳಿದಿರುತ್ತದೆ. ಪೆಟ್ಟಿಗೆಯೊಳಗೆ ಹೋಗುವುದು ಹೆಚ್ಚಾಗಿ ಇಂಥ ಒಣ ಕಣವೇ.

ಗಾಳಿಯಲ್ಲೇ ಮಾಡಿದ ಪ್ರಯೋಗವೂ ಇದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2010ರಲ್ಲೇ, ಅಂದರೆ ಕೋವಿಡ್‌ಗಿಂತ ಹತ್ತು ವರ್ಷ ಮೊದಲೇ, ಹರಿಯುವ ಗಾಳಿಯಲ್ಲಿ ಎಂಎಸ್2 ಅನ್ನುವ ವೈರಸ್ಸನ್ನು ತೇಲಿಬಿಟ್ಟು ಕಾಯಿಸಿ ನೋಡಿದ್ದರು. ಗಾಳಿ ಬಿಸಿಯಲ್ಲಿ ಇರುತ್ತಿದ್ದದ್ದು ಒಂದು ಸೆಕೆಂಡು, ಅಥವಾ ಅದಕ್ಕಿಂತ ಕಡಿಮೆ. ಸುಮಾರು 90 ಡಿಗ್ರಿಯವರೆಗೆ ವೈರಸ್ಸಿಗೆ ಅಂಥ ಹೇಳಿಕೊಳ್ಳುವ ಏಟೇನೂ ಬೀಳಲಿಲ್ಲ. ಅಲ್ಲಿಂದ ಮೇಲೆ ಏಟು ಜೋರಾಗುತ್ತಾ ಹೋಯಿತು. 170 ಡಿಗ್ರಿ ದಾಟಿದಾಗ ನೂರಕ್ಕೆ 99.99ಕ್ಕಿಂತ ಜಾಸ್ತಿ ಸತ್ತಿತ್ತು. ಎಂಎಸ್2 ಕೊರೋನಾಕ್ಕಿಂತ ಗಟ್ಟಿ ಜೀವ, ಒಪ್ಪುತ್ತೇನೆ. ಕೊರೋನಾ, ಫ್ಲೂ ಇನ್ನೂ ಕಡಿಮೆ ಬಿಸಿಗೆ ಸಾಯಬಹುದು. ಆದರೂ ಒಂದು ಮಾತು ಸ್ಪಷ್ಟ. ಗಾಳಿಯನ್ನು ಕಾಯಿಸುವುದಾದರೆ ನೂರು, ನೂರೈವತ್ತರ ಮಾತಾಡಬೇಕು. ಗಾಳಿಯೇ ಅಷ್ಟು ಬಿಸಿಯಾಗಬೇಕು, ಹೀಟರಿನ ಕಾಯಿಲ್ ಅಲ್ಲ.

ಇಲ್ಲಿಗೆ ಥರ್ಮಾಮೀಟರಿನ ವಿಚಾರ ಬಂತು. ಡೇರಿಯಲ್ಲಿ ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡು ನಿಲ್ಲಬೇಕು. ನಿಲ್ಲುವುದು ಅಂದರೆ ನಿಂತ ಹಾಲಲ್ಲ, ಹರಿಯುತ್ತಲೇ ಹೋಲ್ಡಿಂಗ್ ಟ್ಯೂಬಿನ ಈ ತುದಿಯಿಂದ ಆ ತುದಿಗೆ ಹೋಗಲು 15 ಸೆಕೆಂಡು ಹಿಡಿಯಬೇಕು. ಥರ್ಮಾಮೀಟರಿನ ಬಲ್ಬು ಇರುವುದು ಎಲ್ಲಿ? ಬಿಸಿನೀರಿನ ಕಡೆ ಅಲ್ಲ. ಹಾಲು ಕಾದ ಜಾಗದಲ್ಲೂ ಅಲ್ಲ. ಹೋಲ್ಡಿಂಗ್ ಟ್ಯೂಬಿನ ಕೊನೆಯಲ್ಲಿ. 15 ಸೆಕೆಂಡು ಕಳೆದ ಮೇಲೂ ಹಾಲು 72ರಲ್ಲೇ ಇದೆಯಾ ಅಂತ ನೋಡಲು. ಅದಕ್ಕಿಂತ ಒಂದು ಗೆರೆ ಕೆಳಗಿಳಿದರೂ ಡೈವರ್ಷನ್ ವಾಲ್ವ್ ಟಪ್ ಅಂತ ತಿರುಗಿ ಆ ಹಾಲನ್ನು ಮತ್ತೆ ಶುರುವಿನ ಬ್ಯಾಲೆನ್ಸ್ ಟ್ಯಾಂಕಿಗೆ ಕಳಿಸುತ್ತದೆ. ರಾತ್ರಿ ಪಾಳಿಯಲ್ಲಿ ಆ ಶಬ್ದ ಕೇಳಿದರೆ ಕೂತಲ್ಲೇ ಎದ್ದು ನಿಲ್ಲುತ್ತಿದ್ದೆವು. ಬಾಯ್ಲರ್ ಪ್ರೆಶರ್ ಬಿದ್ದಿದೆ ಅಂತ ಅರ್ಥ. ದುಂಡು ಚಾರ್ಟಿನ ಮೇಲೆ ಶಾಯಿಯ ಪೆನ್ನು ಆ ಇಳಿತವನ್ನು ಬರೆದಿಟ್ಟಿರುತ್ತಿತ್ತು, ಬೆಳಗ್ಗೆ ಸೂಪರ್‌ವೈಸರಿಗೆ ಉತ್ತರ ಕೊಡಬೇಕಿತ್ತು.

ಇನ್ನೊಂದು ವಿಷಯ. 15 ಸೆಕೆಂಡು ಅನ್ನುವುದು ಸರಾಸರಿಯಲ್ಲ. ಕೊಳವೆಯ ನಡುವೆ ಹರಿಯುವ ಹಾಲು ಅಂಚಿನ ಹಾಲಿಗಿಂತ ಜೋರಾಗಿ ಓಡುತ್ತದೆ. ಎಲ್ಲಕ್ಕಿಂತ ಜೋರಾಗಿ ಓಡಿದ ಹನಿಯೂ 15 ಸೆಕೆಂಡು ಒಳಗಿರಬೇಕು. ಅದನ್ನು ಪರೀಕ್ಷಿಸಲು ಕೊಳವೆಯ ಶುರುವಿನಲ್ಲಿ ಉಪ್ಪುನೀರು ಬಿಟ್ಟು, ಕೊನೆಯಲ್ಲಿ ಮೊದಲ ಉಪ್ಪು ಎಷ್ಟು ಸೆಕೆಂಡಿಗೆ ಬಂತು ಅಂತ ಮೀಟರಿನಲ್ಲಿ ಅಳೆಯುತ್ತಾರೆ. ಒಂದು ಲೀಟರ್ ಹಾಲಿಗೆ ಇಷ್ಟು ಕಾವಲು.

ಕಂಪನಿಯ ಹುಡುಗನಿಗೆ ಹೇಳಿ ಪೆಟ್ಟಿಗೆಯ ಹಿಂದಿನ ಜಾಲರಿ ಬಿಚ್ಚಿಸಿದೆ. ಪಾಪ, ಅವನು ಬೇಡ ಅನ್ನಲಿಲ್ಲ. ಒಳಗೆ ರೆಕ್ಕೆ ರೆಕ್ಕೆಯಾಗಿರುವ ಹೀಟರ್ ಕಾಯಿಲ್. ಅದರ ಹಿಂದೆ ಒಂದು ಸಣ್ಣ ಫ್ಯಾನ್. ಶಾಖ ಅಳೆಯುವ ತಂತಿಯನ್ನು ಹೀಟರಿನ ರೆಕ್ಕೆಗೇ ಸ್ಕ್ರೂ ಹಾಕಿ ಬಿಗಿದಿದ್ದರು. ಅಂದರೆ ಮೇಲೆ ಕೆಂಪಗೆ ಕಾಣುತ್ತಿದ್ದ 150 ಹೀಟರಿನ ಶಾಖ. ಗಾಳಿಯದ್ದಲ್ಲ. ರೆಕ್ಕೆಗೆ ತಾಗಿ ಹೋದ ಗಾಳಿ ಒಂದಿಷ್ಟು ಕಾದಿರಬಹುದು, ರೆಕ್ಕೆಗಳ ಸಂದಿಯಲ್ಲಿ ನುಸುಳಿದ್ದು ಹಾಗೇ ಹೋಗುತ್ತದೆ. ಎರಡೂ ಸೇರಿ ಬೆಚ್ಚಗಿನ ಗಾಳಿಯಾಗಿ ನನ್ನ ಕೈಗೆ ತಾಗಿತ್ತು. ಹೋಲ್ಡಿಂಗ್ ಟ್ಯೂಬ್ ಇಲ್ಲ, ವಾಲ್ವ್ ಇಲ್ಲ, ಏನೂ ಇಲ್ಲ. ಚಳಿಗಾಲದಲ್ಲಿ ಅಂಗಡಿಯಲ್ಲಿ ಸಿಗುವ ರೂಮ್ ಹೀಟರಿಗೂ ಇದಕ್ಕೂ ನನಗೆ ಕಂಡ ವ್ಯತ್ಯಾಸ ಆ ಡಿಸ್‌ಪ್ಲೇ ಒಂದೇ.

ಈಗ ಲೆಕ್ಕ. ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ, ಪಿಯುಸಿ ಭೌತಶಾಸ್ತ್ರ ಸಾಕು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತದೆ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1.2 ಕಿಲೋಜೂಲ್ ಬೇಕು. ನಮ್ಮೂರಿನ ತಂಪಿಗೆ 25 ಡಿಗ್ರಿ ಅಂತ ಹಿಡಿಯೋಣ. ಅಲ್ಲಿಂದ 150ಕ್ಕೆ ಏರಿಸಲು 125 ಡಿಗ್ರಿ ಆಗಬೇಕು. ಹಾಗಾಗಿ ಒಂದು ಘನ ಮೀಟರಿಗೆ 150 ಕಿಲೋಜೂಲ್. ಪೆಟ್ಟಿಗೆಯ ಹಿಂದೆ ಬರೆದಿದ್ದು 1500 ವ್ಯಾಟ್. ಸೆಕೆಂಡಿಗೆ ಒಂದೂವರೆ ಕಿಲೋಜೂಲ್ ಆಯಿತು. ಒಂದು ಘನ ಮೀಟರ್ ಕಾಯಲು 100 ಸೆಕೆಂಡು. ಗಂಟೆಗೆ 36 ಘನ ಮೀಟರ್. ಇದಕ್ಕಿಂತ ಜಾಸ್ತಿ ಗಾಳಿ ಎಳೆದರೆ ಅದು 150 ಮುಟ್ಟುವುದಿಲ್ಲ. ಕಂಪನಿ ಯಾವುದೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ನಮ್ಮ ಹೈಸ್ಕೂಲಿನ ಕೊಠಡಿ 30 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರ. 6,600 ಘನ ಅಡಿ, ಅಂದರೆ ಸುಮಾರು 187 ಘನ ಮೀಟರ್. ಗಂಟೆಗೆ 36ರಂತೆ ಕೊಠಡಿಯಷ್ಟು ಗಾಳಿ ಒಂದು ಸಲ ಪೆಟ್ಟಿಗೆಯೊಳಗೆ ಹಾದು ಬರಲು ಐದು ಗಂಟೆ ಮೇಲೆ ಬೇಕು. ಮಕ್ಕಳು ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ನಾಲ್ಕೂಕಾಲಿಗೆ ಮನೆಗೆ ಹೋಗುತ್ತಾರೆ. ದಿನಕ್ಕೆ ಒಂದು ಸಲ!

ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2023ರ ಮೇ ತಿಂಗಳಲ್ಲಿ ಜನ ಕೂರುವ ಕೊಠಡಿಗಳಿಗೆ ಒಂದು ಗುರಿ ಹೇಳಿತು. ಗಂಟೆಗೆ ಕಡೇಪಕ್ಷ ಐದು ಸಲ ಕೊಠಡಿಯಷ್ಟು ಶುದ್ಧ ಗಾಳಿ ಸಿಗಬೇಕು ಅಂತ. ಹೊರಗಿನ ಗಾಳಿಯಾದರೂ ಸರಿ, ಸೋಸಿದ ಗಾಳಿಯಾದರೂ ಸರಿ. ನಮ್ಮ ಕೊಠಡಿಗೆ ಅದು ಗಂಟೆಗೆ 935 ಘನ ಮೀಟರ್. ಅಷ್ಟನ್ನೂ 150 ಡಿಗ್ರಿಗೆ ಕಾಯಿಸಬೇಕಾದರೆ ಸುಮಾರು 39 ಕಿಲೋವ್ಯಾಟ್ ಬೇಕು. ಎರಡು ಕಿಲೋವ್ಯಾಟಿನ ಇಪ್ಪತ್ತು ಗೀಸರ್ ಒಟ್ಟಿಗೆ ಹಾಕಿದಷ್ಟು ಕರೆಂಟು, ಒಂದು ತರಗತಿಗೆ. ಶಾಲೆಯ ಮೀಟರ್ ಬೋರ್ಡು ನೋಡಿದವರಿಗೆ ನಗು ಬರುತ್ತದೆ. ಮೂರು ಫ್ಯಾನು, ಒಂದು ಕಂಪ್ಯೂಟರ್ ಹಾಕಿದರೆ ಫ್ಯೂಸ್ ಹೋಗುವ ಬೋರ್ಡು ಅದು. ಇದೇ ಪೆಟ್ಟಿಗೆಗಳಿಂದಲೇ ಆಗಬೇಕು ಅಂದರೆ ಒಂದು ಕೊಠಡಿಗೆ 26 ಪೆಟ್ಟಿಗೆ ಇಡಬೇಕು. ಹತ್ತಿರ ಹತ್ತಿರ ಹತ್ತು ಲಕ್ಷ ರೂಪಾಯಿ. ಮಕ್ಕಳು ಎಲ್ಲಿ ಕೂರಬೇಕೋ ಗೊತ್ತಿಲ್ಲ.

ಸಭೆಯಲ್ಲಿದ್ದ ಒಬ್ಬ ಇಂಜಿನಿಯರ್ ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ. ‘ಮಾವ, ಹೊರಗೆ ಹೋಗುವ ಬಿಸಿ ಗಾಳಿಯಿಂದ ಒಳಗೆ ಬರುವ ತಣ್ಣನೆ ಗಾಳಿಯನ್ನು ಕಾಯಿಸಬಹುದಲ್ಲ?’ ಖಂಡಿತ ಕಾಯಿಸಬಹುದು. ಡೇರಿ ನಡೆಯುವುದೇ ಅದರಿಂದ. ಅದನ್ನು ರೀಜನರೇಷನ್ ಅನ್ನುತ್ತೇವೆ. ಕಾದು ಹೊರಗೆ ಹೊರಟ ಹಾಲು, ತೆಳು ಸ್ಟೀಲ್ ಪ್ಲೇಟಿನ ಆಚೆ ಬದಿಯಲ್ಲಿ ಬರುವ ತಣ್ಣನೆ ಹಾಲಿಗೆ ತನ್ನ ಶಾಖ ಕೊಟ್ಟು ಹೋಗುತ್ತದೆ. ನೂರಕ್ಕೆ ತೊಂಬತ್ತು ಭಾಗ ಶಾಖ ಹೀಗೆ ವಾಪಸ್ ಸಿಗುತ್ತದೆ. ಇಲ್ಲದಿದ್ದರೆ ಬಾಯ್ಲರಿಗೆ ಎಷ್ಟು ಸೌದೆ ಹಾಕಿದರೂ ಸಾಲದು. ಗಾಳಿಗೂ ಇದನ್ನು ಮಾಡಿದರೆ 39 ಕಿಲೋವ್ಯಾಟ್ ಹೋಗಿ ನಾಲ್ಕರ ಹತ್ತಿರ ಬರುತ್ತದೆ. ಆದರೆ ಹಾಲಿನಷ್ಟು ಸಲೀಸಾಗಿ ಗಾಳಿ ಶಾಖ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ತುಂಬಾ ಪ್ಲೇಟು ಬೇಕು, ದೊಡ್ಡ ಪೆಟ್ಟಿಗೆ ಬೇಕು, ಧೂಳು ಕೂತರೆ ತೊಳೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಆ ನಾಲ್ಕು ಕಿಲೋವ್ಯಾಟ್ ಶಾಖ ಕೊಠಡಿಯೊಳಗೇ ಉಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ, ಮೇಲೆ ಶೀಟಿನ ಮಾಡು, ಒಳಗೆ ನಲವತ್ತು ಮಕ್ಕಳು, ಜೊತೆಗೆ ಎರಡು ಗೀಸರಿನ ಶಾಖ. ಅದನ್ನು ಹೊರಗೆ ಹಾಕಲು ಒಂದು ಟನ್ನಿಗಿಂತ ದೊಡ್ಡ ಎಸಿ ಬೇರೆ ಬೇಕು. ಆ ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ ಸುಮ್ಮನಾದ.

ಗಾಳಿ ಕಾಯಿಸುವ ಯೋಚನೆಯನ್ನೇ ಗೇಲಿ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಅದಕ್ಕೆ ದೊಡ್ಡ ಇತಿಹಾಸವಿದೆ. 1837ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಕುದಿಸಿದ ಮಾಂಸದ ಸಾರಿಗೆ ಕಾದ ಕೊಳವೆಯೊಳಗಿಂದ ಬಂದ ಗಾಳಿಯನ್ನು ಮಾತ್ರ ಬಿಟ್ಟು ನೋಡಿದ. ಸಾರು ಕೊಳೆಯಲಿಲ್ಲ. ಕೊಳೆಸುವುದು ಬರೀ ಗಾಳಿಯಲ್ಲ, ಗಾಳಿಯಲ್ಲಿ ತೇಲುವ ಏನೋ ಒಂದು, ಅದು ಬಿಸಿಗೆ ಸಾಯುತ್ತದೆ ಅಂತ ಅವನಿಗೆ ಗೊತ್ತಾಯಿತು. ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಕೊಳವೆಯ ಫ್ಲಾಸ್ಕಿನಲ್ಲಿ ಇದನ್ನೇ ತೋರಿಸಿದ್ದು ಅದಾದ ಎಷ್ಟೋ ವರ್ಷದ ಮೇಲೆ. 1870ರಲ್ಲಿ ಲಂಡನ್ನಿನ ಜಾನ್ ಟಿಂಡಾಲ್, ಕತ್ತಲ ಕೋಣೆಗೆ ಬಿಟ್ಟ ಬೆಳಕಿನ ಕೋಲಿನಲ್ಲಿ ಕಾಣುವ ಧೂಳನ್ನು ಬೆಂಕಿಯಲ್ಲಿ ಸುಟ್ಟು ಮಾಯ ಮಾಡಿ ತೋರಿಸಿದ. ಧೂಳಿಗೂ ರೋಗಕ್ಕೂ ನಂಟಿದೆ ಅಂತ ಅಂದೇ ಉಪನ್ಯಾಸ ಕೊಟ್ಟ. ಇವರೆಲ್ಲ ಕಾಯಿಸಿದ್ದು ಒಂದು ಫ್ಲಾಸ್ಕಿಗೆ ಬೇಕಾದಷ್ಟು ಗಾಳಿಯನ್ನು. ಒಂದು ತರಗತಿಯ ಗಾಳಿಯನ್ನಲ್ಲ.

2020ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಇನ್ನೊಂದು ಜಾಣತನ ಮಾಡಿದರು. ಎಲ್ಲ ಗಾಳಿಯನ್ನೂ ಕಾಯಿಸುವ ಬದಲು ನಿಕ್ಕೆಲ್ ಫೋಮಿನ ಜಾಲರಿಯನ್ನು ಕರೆಂಟಿನಿಂದ 200 ಡಿಗ್ರಿಗೆ ಕಾಯಿಸಿದರು. ಸಣ್ಣ ಸಣ್ಣ ತೂತಿನ ಆ ಜಾಲರಿಯ ಮೂಲಕ ಹಾಯುವಾಗ ವೈರಸ್ ಅದಕ್ಕೆ ತಾಗಿ ಸಾಯುತ್ತದೆ. ಒಂದೇ ಸಲ ಹಾದಾಗ ಕೊರೋನಾ ವೈರಸ್ 99.8ರಷ್ಟು ಸತ್ತಿತು ಅಂತ ಅವರ ವರದಿ. ಇದು ನಮ್ಮೂರಿಗೆ ಬಂದ ಪೆಟ್ಟಿಗೆಗಿಂತ ಎಷ್ಟೋ ಮೇಲು, ಇಲ್ಲಿ ವೈರಸ್ ತಪ್ಪಿಸಿಕೊಳ್ಳಲು ಸಂದಿಯೇ ಕಡಿಮೆ. ಆದರೂ ನನ್ನ ಹಳೇ ತಲೆಗೆ ಒಂದು ಪ್ರಶ್ನೆ ಬರುತ್ತದೆ. ಜಾಲರಿಯಲ್ಲಿ ಹಿಡಿದ ಮೇಲೆ ಸುಡುವುದೇಕೆ? ಗಾಳಿ ಸೋಸುವ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುತ್ತದೆ. ಹಿಡಿದಿಟ್ಟ ವೈರಸ್ ಅಲ್ಲೇ ಕೂತು ತಾನಾಗಿಯೇ ಸಾಯುತ್ತದೆ. ಅದಕ್ಕೆ ಕರೆಂಟು ಬೇಡ. ಫ್ಯಾನು ತಿರುಗಿಸಲು ಬೇಕಾದಷ್ಟು ಇದ್ದರೆ ಸಾಕು.

ಬಿಸಿಯ ಕೆಲಸ ಇರುವುದು ಜನ ಇಲ್ಲದ ಜಾಗದಲ್ಲಿ. 2020ರ ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ಅಮೆರಿಕದ ಪೊಲೀಸ್ ಕಾರುಗಳಿಗೆ ಒಂದು ಸಾಫ್ಟ್‌ವೇರ್ ಕೊಟ್ಟಿತು. ಕಾರು ಖಾಲಿ ಇದ್ದಾಗ ಇಂಜಿನ್ ಜೋರು ಮಾಡಿ, ಹೀಟರ್ ಹಾಕಿ, ಒಳಗಿನ ಶಾಖವನ್ನು 56 ಡಿಗ್ರಿಗಿಂತ ಮೇಲೇರಿಸಿ 15 ನಿಮಿಷ ಬಿಡುವುದು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಸೇರಿ ಪರೀಕ್ಷಿಸಿ 99ಕ್ಕಿಂತ ಹೆಚ್ಚು ವೈರಸ್ ಹೋಗುತ್ತದೆ ಅಂದರು. ಇದು ನ್ಯಾಯವಾದ ಮಾತು. ಸಣ್ಣ ಜಾಗ, ಮುಚ್ಚಿದ ಬಾಗಿಲು, ಸಾಕಷ್ಟು ಹೊತ್ತು, ಒಳಗೆ ಯಾರೂ ಇಲ್ಲ. ಮೂರೂ ಲೆಕ್ಕ ಸಿಕ್ಕಿತು ನೋಡಿ. ತರಗತಿಯಲ್ಲಿ ಹಾಗಲ್ಲ. ರೋಗ ಉಗುಳುವವನೂ ಒಳಗೇ ಇದ್ದಾನೆ, ಉಸಿರಿಗೆ ಎಳೆದುಕೊಳ್ಳುವವನೂ ಒಳಗೇ ಇದ್ದಾನೆ. ಪೆಟ್ಟಿಗೆ ಮೂಲೆಯಲ್ಲಿದೆ.

ಇದೇ ಬಿಸಿಯ ಹುಚ್ಚು 2021ರ ಎರಡನೇ ಅಲೆಯಲ್ಲಿ ಮನೆ ಮನೆಗೂ ಬಂದಿತ್ತು, ನಿಮ್ಮ ಓದುಗರಿಗೆ ನೆನಪಿರಬಹುದು. ಕುಕ್ಕರಿನ ಸೀಟಿ ತೆಗೆದು ಪೈಪ್ ಸಿಕ್ಕಿಸಿ ಹಬೆ ತೆಗೆದುಕೊಂಡದ್ದೇ ತೆಗೆದುಕೊಂಡದ್ದು. ಹಬೆಯಿಂದ ಮೂಗು ಬಿಟ್ಟುಕೊಳ್ಳುತ್ತದೆ, ಹಿತವಾಗುತ್ತದೆ, ಅದು ಬೇರೆ ಮಾತು. ಮೈಯೊಳಗಿನ ವೈರಸ್ ಸಾಯುವಷ್ಟು ಬಿಸಿ ಹಾಕಿದರೆ ಮೊದಲು ಬೇಯುವುದು ನಮ್ಮ ಮೂಗು, ಗಂಟಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯ ವೈದ್ಯರು, ಹಬೆ ತೆಗೆದುಕೊಳ್ಳಲು ಹೋಗಿ ಸುಟ್ಟುಕೊಂಡ ಮಕ್ಕಳ ಸಂಖ್ಯೆ 30 ಪಟ್ಟು ಜಾಸ್ತಿಯಾಯಿತು ಅಂತ 2020ರಲ್ಲೇ ಲ್ಯಾನ್ಸೆಟ್ ಪತ್ರಿಕೆಗೆ ಬರೆದಿದ್ದರು.

‘ಇರಲಿ ಬಿಡಿ, ಇಟ್ಟರೆ ನಷ್ಟ ಏನು?’ ಅಂತ ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಅಂದರು. ನನಗೆ ಎಲ್ಲಕ್ಕಿಂತ ಹೆದರಿಕೆ ಆಗುವುದು ಈ ಮಾತಿಗೇ. ನಷ್ಟ ದುಡ್ಡಿನದ್ದಲ್ಲ. ಮೂಲೆಯಲ್ಲಿ ಪೆಟ್ಟಿಗೆ ಗುಂಯ್ ಅನ್ನುತ್ತಿದ್ದರೆ ಕಿಟಕಿ ತೆರೆಯುವ ನೆನಪು ಯಾರಿಗೂ ಬರುವುದಿಲ್ಲ. ‘ಮೆಷಿನ್ ಇದೆಯಲ್ಲ’ ಅಂತ ಬಾಗಿಲನ್ನೂ ಹಾಕಿಕೊಳ್ಳುತ್ತಾರೆ. ಮುಚ್ಚಿದ ಕೋಣೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ನಡೆದದ್ದು ಸಾಕ್ಷಿ. 61 ಜನ ಒಂದೆಡೆ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. 53 ಜನಕ್ಕೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಅದೇ ತಿಂಗಳ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಕೋವಿಡ್ ಗಾಳಿಯಿಂದ ಹರಡುವುದಿಲ್ಲ’ ಅಂತ ಬರೆದುಕೊಂಡಿತ್ತು. ಆ ಮಾತನ್ನು ತಿದ್ದಿಕೊಳ್ಳಲು ಅವರಿಗೆ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ನಾವು ತರಕಾರಿ, ಹಾಲಿನ ಪ್ಯಾಕೆಟ್ ಎಲ್ಲ ತೊಳೆದು ಸುಸ್ತಾಗಿದ್ದೆವು. ಗಾಳಿಯ ಬಗ್ಗೆ ಮಾತ್ರ ಯಾರೂ ಯೋಚನೆ ಮಾಡಲಿಲ್ಲ.

ಹಾಗಾದರೆ ಏನು ಮಾಡಬೇಕು? ಮಲೆನಾಡಿನ ಮಳೆಯಲ್ಲಿ ಕಿಟಕಿ ತೆರೆದಿಡಿ ಅನ್ನುವುದು ಸುಲಭ, ಇರಚಲು ಹೊಡೆದು ಪುಸ್ತಕವೆಲ್ಲ ಒದ್ದೆಯಾಗುತ್ತದೆ ಅಂತ ನನಗೂ ಗೊತ್ತು. ನಾನು ಹೆಡ್ ಮೇಷ್ಟ್ರ ಜೊತೆ ಕೊಠಡಿ ಕೊಠಡಿ ಸುತ್ತಿ ನೋಡಿದೆ. ಪಶ್ಚಿಮದ ಕಿಟಕಿಗಳಿಗೆ ಮಳೆ ಹೊಡೆಯುತ್ತದೆ, ಪೂರ್ವದ ಕಡೆ ವರಾಂಡ ಇರುವುದರಿಂದ ಒಂದು ಹನಿಯೂ ಬರುವುದಿಲ್ಲ. ಆದರೂ ಪೂರ್ವದ ಕಿಟಕಿಗಳೂ ಮುಚ್ಚಿದ್ದವು. ಯಾಕೆ ಅಂದರೆ ಕೋತಿ! ಮಧ್ಯಾಹ್ನದ ಊಟದ ಡಬ್ಬಿ ಎತ್ತಿಕೊಂಡು ಹೋಗುತ್ತವಂತೆ. ಎರಡು ಕಿಟಕಿಗೆ ಜಾಲರಿಯೇ ಇಲ್ಲ, ಒಂದರ ಚಿಲಕ ತುಕ್ಕು ಹಿಡಿದು ಜಾಮ್ ಆಗಿದೆ. ಮೇಲಿನ ವೆಂಟಿಲೇಟರುಗಳನ್ನು ಯಾವುದೋ ಕಾಲದಲ್ಲಿ ಪಾರಿವಾಳದ ಕಾಟಕ್ಕೆ ರಟ್ಟು ಬಡಿದು ಮುಚ್ಚಿದ್ದಾರೆ. ಕಟ್ಟಿದವರು ಬಿಸಿ ಗಾಳಿ ಮೇಲೆ ಹೋಗಲಿ ಅಂತಲೇ ಅಷ್ಟು ಎತ್ತರಕ್ಕೆ ವೆಂಟಿಲೇಟರ್ ಇಟ್ಟಿದ್ದು. ನಾವು ಅದಕ್ಕೆ ರಟ್ಟು ಹೊಡೆದು, ಈಗ ಗಾಳಿಯ ಯಂತ್ರ ಹುಡುಕುತ್ತಿದ್ದೇವೆ.

ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನ ಹತ್ತಿರ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಇತ್ತು. ಹೊರಗಿನ ಗಾಳಿಯಲ್ಲಿ ಈಗ ಅದು 420 ಪಿಪಿಎಂ ಆಸುಪಾಸು. ಒಳಗೆ ಏರಿತು ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಒಂಬತ್ತನೇ ತರಗತಿಯಲ್ಲಿ ಕಿಟಕಿ ಮುಚ್ಚಿದ್ದಾಗ ಮೀಟರ್ ಎರಡು ಸಾವಿರ ದಾಟಿತು. ಮಕ್ಕಳು ಆಕಳಿಸುತ್ತಿದ್ದದ್ದು ಪಾಠಕ್ಕೆ ಮಾತ್ರ ಅಲ್ಲ. ವರಾಂಡದ ಕಡೆಯ ಎರಡು ಕಿಟಕಿ, ಬಾಗಿಲು ತೆಗೆದು ಫ್ಯಾನ್ ಹಾಕಿದೆವು. ಪೀರಿಯಡ್ ಮುಗಿಯುವಷ್ಟರಲ್ಲಿ ಎಂಟುನೂರಕ್ಕಿಂತ ಕೆಳಗಿಳಿಯಿತು. ಖರ್ಚು ಸೊನ್ನೆ. ಮೀಟರನ್ನು ಮಕ್ಕಳ ಕೈಗೇ ಕೊಟ್ಟರೆ ಸಾಕು, ಅಂಕಿ ಏರುವುದನ್ನು ನೋಡಿ ಅವರೇ ಓಡಿ ಹೋಗಿ ಕಿಟಕಿ ತೆಗೆಯುತ್ತಾರೆ.

ಇಷ್ಟಾದ ಮೇಲೂ ಮೆಷಿನ್ ಬೇಕೇಬೇಕು ಅನ್ನುವವರಿಗೆ ಅಂಗಡಿಯಲ್ಲಿ ಸಿಗುವ ಹೆಪಾ ಏರ್ ಪ್ಯೂರಿಫೈಯರ್ ಇದೆ. ಅದರ ಡಬ್ಬದ ಮೇಲೆ ಸಿಎಡಿಆರ್ ಅಂತ ಬರೆದಿರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಅದು. ನಾನು ಆ ಹುಡುಗನಿಗೆ ಕೇಳಿದ ಪ್ರಶ್ನೆಗೆ ಇವರು ಡಬ್ಬದ ಮೇಲೇ ಉತ್ತರ ಬರೆದಿದ್ದಾರೆ. ಗಂಟೆಗೆ 300 ಘನ ಮೀಟರಿನ ಮೂರು ಪ್ಯೂರಿಫೈಯರ್ ಇಟ್ಟರೆ ನಮ್ಮ ಕೊಠಡಿಗೆ ಐದು ಸಲದ ಹತ್ತಿರ ಬರುತ್ತದೆ. ಮೂರೂ ಸೇರಿ ಒಂದು ಹಳೇ ಕಾಲದ ದೊಡ್ಡ ಬಲ್ಬು ಉರಿಸುವಷ್ಟು ಕರೆಂಟು. ಇನ್ನೂ ಅಗ್ಗಕ್ಕೆ ಬೇಕಾದರೆ ಅಮೆರಿಕದಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಅನ್ನುವವರು 2020ರಲ್ಲಿ ಹೇಳಿಕೊಟ್ಟ ವಿಧಾನ ಇದೆ. ನಾಲ್ಕು ಫಿಲ್ಟರನ್ನು ಗೋಡೆಯ ಹಾಗೆ ನಿಲ್ಲಿಸಿ, ಟೇಪ್ ಸುತ್ತಿ, ಮೇಲೆ ಒಂದು ಫ್ಯಾನ್ ಇಡುವುದು. ಅವರು ಬಳಸಿದ ಚೌಕದ ಫ್ಯಾನ್ ನಮ್ಮೂರಲ್ಲಿ ಸಿಗುವುದಿಲ್ಲ, ಎಕ್ಸಾಸ್ಟ್ ಫ್ಯಾನ್ ಹಾಕಿ ಮಾಡಬಹುದು. ನಮ್ಮ ಐಐಎಸ್‌ಸಿಯವರು ಹಸಿರು ಚಹಾದ ಪಾಲಿಫಿನಾಲ್ ಲೇಪಿಸಿ ಫಿಲ್ಟರಿನಲ್ಲೇ ಕ್ರಿಮಿ ಸಾಯುವಂತೆ ಮಾಡಿದ್ದಾರೆ. ಇವರೆಲ್ಲ ಹಿಡಿದಿರುವ ದಾರಿ ಒಂದೇ. ಗಾಳಿಯನ್ನು ಕಾಯಿಸುತ್ತಾ ಕೂರುವ ಬದಲು ಸೋಸುತ್ತಾರೆ.

ನಮ್ಮ ಸಂಘದ ದುಡ್ಡು ಇನ್ನೂ ಬ್ಯಾಂಕಿನಲ್ಲೇ ಇದೆ. ಎಂಟೂ ಕೊಠಡಿಯ ಕಿಟಕಿಗೆ ಕೋತಿ ಕೀಳಲಾಗದ ವೆಲ್ಡೆಡ್ ಮೆಷ್, ಪಶ್ಚಿಮದ ಕಿಟಕಿಗಳ ಮೇಲೆ ಮಳೆ ತಡೆಯುವ ಶೀಟು, ವೆಂಟಿಲೇಟರಿನ ರಟ್ಟು ಕಿತ್ತು ಪಾರಿವಾಳದ ಬಲೆ, ಕೊಠಡಿಗೊಂದು ಎಕ್ಸಾಸ್ಟ್ ಫ್ಯಾನ್. ಫ್ಯಾಬ್ರಿಕೇಷನ್ ಅಂಗಡಿಯವನು ಕೊಟ್ಟ ಕೊಟೇಷನ್ ನಾಲ್ಕು ಪೆಟ್ಟಿಗೆಯ ಬೆಲೆಗಿಂತ ಕಡಿಮೆ ಇದೆ. ಆದರೂ ಕೆಲವರಿಗೆ ಪೆಟ್ಟಿಗೆಯ ಮೇಲೇ ಮನಸ್ಸು. ಅದರ ಮೇಲೆ ಸಂಘದ ಹೆಸರು ಬರೆಸಬಹುದು, ಮೆಷ್ ಮೇಲೆ ಬರೆಸಲಾಗದು ಅನ್ನುವುದು ಅವರ ವಾದ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಇಂಥ ಪೆಟ್ಟಿಗೆ ಮಾರುವ ಕಂಪನಿಯವರು ಯಾರಾದರೂ ಈ ಪತ್ರ ಓದಿದರೆ ನಾಲ್ಕು ಸಾಲು ಬರೆದು ಕಳಿಸಲಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ, ಆ ಗಾಳಿ ಎಷ್ಟು ಡಿಗ್ರಿಯಲ್ಲಿ ಎಷ್ಟು ಸೆಕೆಂಡು ಇರುತ್ತದೆ, ಶಾಖ ಅಳೆಯುವ ತಂತಿ ಎಲ್ಲಿದೆ, ವೈರಸ್ ಪರೀಕ್ಷೆ ಮಾಡಿದ್ದು ಹರಿಯುವ ಗಾಳಿಯಲ್ಲೋ ಅಥವಾ ದ್ರವದಲ್ಲೋ. ದಯವಿಟ್ಟು ನೀವು ಅದನ್ನು ಇದೇ ಅಂಕಣದಲ್ಲಿ ಪ್ರಕಟಿಸಿ. ನಮ್ಮ ಸಂಘದ ಸಭೆ ಬರುವ ತಿಂಗಳ ಎರಡನೇ ಭಾನುವಾರ ಇದೆ. ಅಷ್ಟರೊಳಗೆ ಉತ್ತರ ಬಂದರೆ ಸಭೆಯಲ್ಲಿ ನಾನೇ ಓದಿ ಹೇಳುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಡೇರಿ ಆಪರೇಟರ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ